ಬಂಡೆಮನೆ ಮತ್ತು ಬ್ಯಾಗಿನ ಕಾವಲು

ಸಿಂಗಪುರದ ಟ್ಯಾಂಪಿನೀಸಿನಲ್ಲಿರುವ ನಮ್ಮ ಮನೆಯ ಬಾಗಿಲ ಹೊರಗೆ, ಕಾರಿಡಾರಿನಲ್ಲಿ, ಒಂದು ಶೂ ರ‍್ಯಾಕ್ ಇದೆ. ನಾಲ್ಕು ಜನರ ಮನೆಗೆ ಹದಿನೇಳು ಜೊತೆ ಪಾದರಕ್ಷೆ. ಕಳೆದ ಭಾನುವಾರ ಬೆಳಿಗ್ಗೆ ಅದನ್ನು ಓರಣ ಮಾಡಲು ಕೂತೆ. ಇಂಥ ಕೆಲಸಗಳನ್ನು ನಾನು ಮೈಮೇಲೆ ಎಳೆದುಕೊಳ್ಳುವುದು ಆಫೀಸಿನ ಯಾವುದೋ ರಿಪೋರ್ಟನ್ನು ಮುಂದೂಡಬೇಕಾದಾಗ ಮಾತ್ರ. ಕೆಳಗಿನ ಹಲಗೆಯ ಮೂಲೆಯಲ್ಲಿ ಅತ್ತೆಯ ಬೂದು ಬಣ್ಣದ ಸ್ಪೋರ್ಟ್ಸ್ ಶೂ ಸಿಕ್ಕಿತು. ತಲೆಕೆಳಗು ಮಾಡಿ ತಟ್ಟಿದೆ. ಅಡಿಯ ಗೀರುಗಳಿಂದ ಕೆಂಪು ಮಣ್ಣು ಪುಡಿಪುಡಿಯಾಗಿ ಉದುರಿತು. ಸಿಂಗಪುರದಲ್ಲಿ ಶೂಗೆ ಮಣ್ಣು ಹತ್ತಬೇಕೆಂದರೆ ಮೊದಲು ಅರ್ಜಿ ಹಾಕಿಕೊಳ್ಳಬೇಕು, ಅಷ್ಟು ಚೊಕ್ಕಟ ಊರು ಇದು. ಇದು ಎಲ್ಲಿಯ ಮಣ್ಣು ಎಂದು ಯೋಚಿಸುತ್ತಿರುವಾಗಲೇ ಒಳಗಿನಿಂದ ಅತ್ತೆಯ ದನಿ ಬಂತು.

"ಏ ಸುಮಾ, ಅದನ್ನ ಝಾಡಸಬ್ಯಾಡ. ಇರಲಿ ಬಿಡು."

"ಮಣ್ಣು ಅತ್ತೆ."

"ಗೊತ್ತೈತಿ. ಯಾವ ಮಣ್ಣು ಅಂತನೂ ಗೊತ್ತೈತಿ."

ನನಗೂ ಆಗ ಗೊತ್ತಾಯಿತು. ಎರಡು ವರ್ಷದ ಹಿಂದೆ ಅಮೆರಿಕದ ಕೊಲೊರಾಡೋದ ಎತ್ತರದ ಒಣನಾಡಿನಲ್ಲಿ, ಅಲ್ಲಿಯ ಮೂಲನಿವಾಸಿಗಳಾದ ಪುಯೆಬ್ಲೋ ಜನರ ಹಿರಿಯರು ನೂರಾರು ವರ್ಷಗಳ ಹಿಂದೆ ಬಂಡೆಯ ಪೊಟರೆಯೊಳಗೆ ಕಟ್ಟಿಕೊಂಡಿದ್ದ ಮನೆಗಳಿಗೆ ಹೋಗಿ ಬಂದ ಮಣ್ಣು ಅದು. ನನ್ನ ಶೂಗಳನ್ನು ತಿರುಗಿಸಿ ನೋಡಿದೆ. ಅವುಗಳಲ್ಲಿ ಏನೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಯಾಕೆಂದರೆ ಆ ಮನೆಗಳೊಳಗೆ ನಾನು ಕಾಲೇ ಇಟ್ಟಿಲ್ಲ.

ಅತ್ತೆ ಗುಳೇದಗುಡ್ಡದವರು, ಖಣ ನೇಯುವ ಊರಿನವರು. ಮೈಸೂರಿನವಳಾದ ನಾನು ಅವರ ಮಗ ಬಸುವನ್ನು ಮದುವೆಯಾದ ಹೊಸದರಲ್ಲಿ ಅವರ ಮಾತು ಅರ್ಧ ನನಗೆ, ನನ್ನ ಮಾತು ಅರ್ಧ ಅವರಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಅತ್ತೆ ಸೊಸೆಯ ಜಗಳಗಳೂ ಅರ್ಧದಷ್ಟೇ ಆದವು. ನಮ್ಮ ಮಗಳು ಇಂಚರಳಿಗೆ ಮೂರು ವರ್ಷವಾದಾಗ ಅತ್ತೆ ನಮ್ಮಲ್ಲಿಗೆ ಬಂದರು. ಈಗ ಅವಳಿಗೆ ಹದಿಮೂರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಒಂದೇ ಡಬ್ಬಿಯ ಚಟ್ನಿಪುಡಿ ತಿಂದು, ನಾನು ಅತ್ತೆಯನ್ನು ಚೆನ್ನಾಗಿ ಬಲ್ಲೆ ಎಂದುಕೊಂಡಿದ್ದೆ.

ಈಗ ಒಂದು ವಿಷಯ ಕೇಳುತ್ತೇನೆ, ನಿಜ ಹೇಳಬೇಕು. ನಿಮ್ಮ ಮನೆಯವರೆಲ್ಲ ಸೇರಿ ಎಲ್ಲಾದರೂ ಹೋದಾಗ ಬ್ಯಾಗು ಕಾಯುವವರು ಯಾರು? ಯಾರನ್ನೂ ನೇಮಿಸಿರುವುದಿಲ್ಲ. ಆದರೂ ಒಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿ ಅದು ಅತ್ತೆ. ಝೂಗೆ ಹೋದರೆ ಗೇಟಿನ ಹತ್ತಿರದ ಬೆಂಚು. ಸೆಂಟೋಸಾ ಬೀಚಿಗೆ ಹೋದರೆ ಮರಳಿನ ಈಚೆಯ ಕಟ್ಟೆ. ಕೇಬಲ್ ಕಾರಿನ ಕೆಳಗೆ ಒಂದು ಕುರ್ಚಿ. "ಅತ್ತೆ, ಅಲ್ಲಿ ತುಂಬಾ ನಡೀಬೇಕು, ನಿಮಗೆ ಮಂಡಿ ನೋಯುತ್ತೆ. ಇಲ್ಲೇ ಆರಾಮಾಗಿ ಕೂತಿರಿ. ಬ್ಯಾಗ್ ಸ್ವಲ್ಪ ನೋಡ್ಕೊಳ್ಳಿ" ಎಂದು ನಾನು ಜೇನಿನಂಥ ದನಿಯಲ್ಲಿ ಹೇಳುತ್ತೇನೆ. ಅವರು "ಹೂಂ" ಎಂದು ಕೂರುತ್ತಾರೆ. ನಾವು ಎರಡು ತಾಸು ಬಿಟ್ಟು ಬಂದಾಗ ಹೇಗೆ ಬಿಟ್ಟು ಹೋಗಿದ್ದೆವೋ ಹಾಗೆಯೇ, ಬ್ಯಾಗುಗಳ ಹಿಡಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಕೂತಿರುತ್ತಾರೆ.

ಇದರಲ್ಲಿ ತಮಾಷೆಯೇನೆಂದರೆ, ಸಿಂಗಪುರದಲ್ಲಿ ಬ್ಯಾಗು ಕಾಯುವ ಅಗತ್ಯವೇ ಇಲ್ಲ. ಇಲ್ಲಿ ಹಾಕರ್ ಸೆಂಟರಿನಲ್ಲಿ ಜನ ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ಊಟ ತರಲು ಹೋಗುತ್ತಾರೆ. ಆ ಪೊಟ್ಟಣ ಇದೆಯೆಂದರೆ ಮೇಜು ಅವರದು. ಕೆಲವರು ಮೊಬೈಲನ್ನೇ ಇಟ್ಟು ಹೋಗುವುದನ್ನು ನೋಡಿದ್ದೇನೆ. ಅದೇ ಮೇಜಿನ ಪಕ್ಕದಲ್ಲಿ ನಾವು, ಎರಡು ನೀರಿನ ಬಾಟಲಿ ಮತ್ತು ಒಂದು ಛತ್ರಿಯಿರುವ ಬ್ಯಾಗಿಗೆ ಅತ್ತೆಯನ್ನು ಕಾವಲು ಕೂರಿಸಿ ಹೋಗುತ್ತೇವೆ. ಕಾವಲು ಬೇಕಾದದ್ದು ಬ್ಯಾಗಿಗಲ್ಲ. ಅತ್ತೆಯನ್ನು ಎಲ್ಲಾದರೂ ಇಡಲು ನಮಗೊಂದು ನೆಪ ಬೇಕಿತ್ತು. ಇದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ, ಆಗ ನನಗೆ ಹೊಳೆದಿರಲಿಲ್ಲ.

ನಾನು ಪ್ರಾಜೆಕ್ಟ್ ಮ್ಯಾನೇಜರ್. ಎಕ್ಸೆಲ್ ಶೀಟ್ ಇಲ್ಲದೆ ನನಗೆ ಊದಿನಕಡ್ಡಿ ಹಚ್ಚಲೂ ಬರುವುದಿಲ್ಲ ಎಂದು ಬಸು ಹೇಳುತ್ತಾನೆ. ಆ ವರ್ಷ ಜೂನ್ ರಜೆಯಲ್ಲಿ ಆಫೀಸಿನವರು ನನ್ನನ್ನು ಕೊಲೊರಾಡೋದ ಡೆನ್ವರಿಗೆ ಕಳಿಸಿದರು. ಕೆಲಸ ಮುಗಿದ ಮೇಲೆ ಒಂದು ವಾರ ಸುತ್ತೋಣ ಎಂದು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದೆ. ಹೊರಡುವ ಎರಡು ತಿಂಗಳ ಮೊದಲೇ ಶೀಟ್ ಸಿದ್ಧವಾಗಿತ್ತು. ಬಂಡೆಮನೆಗಳ ದಿನಕ್ಕೆ ಹಳದಿ ಬಣ್ಣ ಹಾಕಿದ್ದೆ, ಯಾಕೆಂದರೆ ಇಡೀ ಪ್ರವಾಸದಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ ದಿನ.

ಅದಕ್ಕೆ ಕಾರಣವಿದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ನೋಟ್‌ಬುಕ್ಕುಗಳಿಗೆ ಬೈಂಡು ಹಾಕಲು ರದ್ದಿ ಅಂಗಡಿಯಿಂದ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ತರುತ್ತಿದ್ದರು. ಹೊಳೆಯುವ ಕಾಗದ, ಮೂಸಿದರೆ ಸೀಮೆಎಣ್ಣೆಯಂಥ ವಾಸನೆ. ನನ್ನ ಸಮಾಜ ವಿಜ್ಞಾನದ ಪುಸ್ತಕಕ್ಕೆ ಬಂದದ್ದು ಒಂದು ದೊಡ್ಡ ಬಂಡೆಯ ಚಿತ್ರ. ಬಂಡೆ ಬಾಯಿ ತೆರೆದಂತಿದೆ, ಬಾಯಿಯೊಳಗೆ ಸಾಲುಸಾಲು ಮನೆಗಳು, ಮಾಳಿಗೆ, ಗೋಪುರ, ಪುಟ್ಟ ಕಿಟಕಿಗಳು. ಮೇಲಿನಿಂದ ದಾರಿಯಿಲ್ಲ, ಕೆಳಗಿನಿಂದಲೂ ಇಲ್ಲ. ಪಂಚವಾರ್ಷಿಕ ಯೋಜನೆಗಳ ಪಾಠ ನಡೆಯುವಾಗ ನಾನು ಅದನ್ನೇ ನೋಡುತ್ತ ಇಲ್ಲಿಗೆ ಹಾಲಿನವನು ಹೇಗೆ ಬರುತ್ತಾನೆ ಎಂದು ತಲೆ ಕೆಡಿಸಿಕೊಂಡಿದ್ದೆ. ಒಂದು ವರ್ಷ ಪೂರ್ತಿ. ಸಮಾಜದಲ್ಲಿ ನನಗೆ ಬಂದ ಅಂಕಗಳ ಬಗ್ಗೆ ಕೇಳಬೇಡಿ.

ಹೀಗಿದ್ದುದರಿಂದ ಟಿಕೆಟ್ ಬಿಡುಗಡೆಯಾದ ಕ್ಷಣದಲ್ಲೇ ಬುಕ್ ಮಾಡಲು ಅಲಾರ್ಮ್ ಇಟ್ಟುಕೊಂಡು ಕೂತೆ. ಮನೆಗಳ ಒಳಗೆ ಸುಮ್ಮನೆ ನುಗ್ಗುವಂತಿಲ್ಲ. ಅಲ್ಲಿಯ ನ್ಯಾಷನಲ್ ಪಾರ್ಕಿನ ರೇಂಜರ್ ಒಂದೊಂದು ತಂಡವನ್ನು ಕಲ್ಲಿನ ಮೆಟ್ಟಿಲಿಳಿಸಿ, ತೋರಿಸಿ, ಮರದ ಏಣಿಗಳನ್ನು ಹತ್ತಿಸಿ ಮೇಲಕ್ಕೆ ಕರೆತರುತ್ತಾರೆ. ಏಣಿ ಎಂಬ ಶಬ್ದ ಕಂಡಕೂಡಲೇ ನಾನು ಮೂರು ಟಿಕೆಟ್ ಒತ್ತಿದೆ. ಶೀಟಿನಲ್ಲಿ ಅತ್ತೆಯ ಹೆಸರಿನ ಮುಂದೆ ಹೀಗೆ ಬರೆದೆ: "ವ್ಯೂ ಪಾಯಿಂಟ್. ಬೆಂಚ್ ಇದೆ. ನೆರಳು ಇದೆ." ನೆರಳಿದೆಯೋ ಇಲ್ಲವೋ ಎಂದು ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ಖಾತ್ರಿ ಮಾಡಿಕೊಂಡಿದ್ದೆ. ಎಷ್ಟು ಒಳ್ಳೆಯ ಸೊಸೆ ನಾನು ಎಂದು ನನಗೇ ನನ್ನ ಮೇಲೆ ಪ್ರೀತಿ ಉಕ್ಕಿತ್ತು.

ಡೆನ್ವರಿನಿಂದ ಒಂದಿಡೀ ದಿನದ ದಾರಿ. ಅತ್ತೆ ಗುಳೇದಗುಡ್ಡದಿಂದ ತರಿಸಿದ್ದ ಸಜ್ಜಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದ ಬ್ಯಾಗು ಅವರ ತೊಡೆಯ ಮೇಲೆ. ದಾರಿಯಲ್ಲಿ ಕಿಟಕಿಯಾಚೆ ಕೆಂಪು ಬಂಡೆಗಳು ಬರತೊಡಗಿದಾಗ ಅತ್ತೆ ನೆಟ್ಟಗೆ ಕೂತರು. "ನಮ್ಮ ಬದಾಮಿ ಕಲ್ಲ ಇದು. ಇಲ್ಲಿಗೆ ಯಾವಾಗ ಬಂತು?" ಎಂದು ಕೇಳಿದರು. ಇಂಚರ ಮೊಬೈಲಿನಲ್ಲಿ ಆ ಮನೆಗಳ ಚಿತ್ರ ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ನಾನು ಮುಂದಿನ ಸೀಟಿನಲ್ಲಿ ಮ್ಯಾಪಿನಲ್ಲಿ ಮುಳುಗಿದ್ದೆ.

ಮರುದಿನ ಬೆಳಿಗ್ಗೆ ತಂಡ ಸೇರುವ ಜಾಗಕ್ಕೆ ಹೋದೆವು. ಅದೇ ವ್ಯೂ ಪಾಯಿಂಟ್. ಕಟಕಟೆ ಹಿಡಿದು ಕೆಳಗೆ ನೋಡಿದರೆ ನನ್ನ ಸಮಾಜದ ಪುಸ್ತಕ! ಅದೇ ಬಾಯಿ, ಅದೇ ಮನೆಗಳು, ಅದೇ ಗೋಪುರ. ನನಗೆ ನಿಜವಾಗಿಯೂ ಕಣ್ಣು ತುಂಬಿತು. ಹಿಂದಿನಿಂದ ರೇಂಜರಮ್ಮ, ಅಗಲ ಅಂಚಿನ ಟೋಪಿ ಹಾಕಿದ್ದ ಒಬ್ಬ ಹಿರಿಯ ಹೆಂಗಸು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎಣಿಸತೊಡಗಿದರು. ನಾನು ತಿರುಗಿ ನೋಡುತ್ತೇನೆ, ಸಾಲಿನಲ್ಲಿ ಇಂಚರಳ ಹಿಂದೆ ಅತ್ತೆ ನಿಂತಿದ್ದಾರೆ. ಹಸಿರು ಇಳಕಲ್ ಸೀರೆಯನ್ನು ಎರಡು ಗೇಣು ಮೇಲಕ್ಕೆ ಕಟ್ಟಿ, ನೆರಿಗೆಗೆ ದೊಡ್ಡದೊಂದು ಸೇಫ್ಟಿ ಪಿನ್ ಹಾಕಿದ್ದಾರೆ. ಕಾಲಲ್ಲಿ ಬೂದು ಶೂ. ಲೇಸನ್ನು ಇಂಚರಳಿಂದ ಎರಡು ಗಂಟು ಹಾಕಿಸಿಕೊಂಡಿದ್ದಾರೆ.

"ಅತ್ತೆ, ನೀವು ಇಲ್ಲಿ... ಏಣಿ ಇದೆಯಲ್ಲ ಅತ್ತೆ, ನಿಮಗೆ ಟಿಕೆಟ್ ತಗೊಂಡಿಲ್ಲ" ಎಂದೆ.

"ಹೌದೇನು?" ಎಂದರು ಅತ್ತೆ. ಬಗ್ಗಿ ನೆರಿಗೆಯ ಪಿನ್ ಬಿಚ್ಚಿದರು. ಅದನ್ನು ಬಳೆಗೆ ಸಿಕ್ಕಿಸಿಕೊಂಡು ಬ್ಯಾಗುಗಳಿಗಾಗಿ ಕೈ ಚಾಚಿದರು.

ಅವರು ಸಿಟ್ಟು ಮಾಡಿದ್ದರೆ ನಾನು ಸಮಾಧಾನ ಹೇಳುತ್ತಿದ್ದೆ. ಅತ್ತಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದೆ. ಆ ಪಿನ್ ಬಿಚ್ಚಿದ್ದಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ.

"ಅಮ್ಮಾ, ಅಜ್ಜೀನ ಕೇಳ್ಲೇ ಇಲ್ವಾ ನೀನು?" ಎಂದಳು ಇಂಚರ. "ಬೆಳಿಗ್ಗೆ ಐದು ಗಂಟೆಯಿಂದ ರೆಡಿ ಆಗಿದ್ದಾರೆ. ವೈ ಲೈಕ್ ದಟ್ ಲಾ!" ಎಂದು ಸಿಂಗಪುರದ ಇಂಗ್ಲಿಷಿನಲ್ಲಿ ರೇಗಿದಳು.

"ಅವ್ವಗ ಏಣಿ ಆಗಂಗಿಲ್ಲ ಅಂತ ಇರಬೇಕು" ಎಂದು ಬಸು ನನ್ನ ಪರವಾಗಿ ಗೊಣಗಿದ.

"ಏಣಿ ಏನು ನನಗ ಹೊಸಾದ?" ಎಂದರು ಅತ್ತೆ. "ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಒಣಗಸಾಕ ದಿನಾ ಹತ್ತಿಳಿದಾಕಿ ನಾ. ಇರಲಿ ಬಿಡ್ರಿ. ನೀವು ಹೋಗಿ ಬರ್ರಿ."

ರೇಂಜರಮ್ಮನನ್ನು ಹೋಗಿ ಕೇಳಿದೆ. ಅವತ್ತಿನ ತಂಡಗಳೆಲ್ಲ ತುಂಬಿದ್ದವು. ಟಿಕೆಟ್ ಮೂರಿದ್ದರೆ ಮೂವರು. ಆ ಮೂವರು ಯಾರು ಎಂಬುದು ನಿಮಗೆ ಬಿಟ್ಟದ್ದು ಎಂದರು. ಬಸು ತಾನಿರುತ್ತೇನೆ ಎಂದ, ಆದರೆ ತಪ್ಪು ನನ್ನದು, ಮೂರು ಎಂದು ಒತ್ತಿದ ಬೆರಳೂ ನನ್ನದು. ಈಗ ನನ್ನನ್ನು ತ್ಯಾಗಮಯಿ ಎಂದುಕೊಳ್ಳಬೇಡಿ. ನನ್ನ ಟಿಕೆಟನ್ನು ಅತ್ತೆಯ ಕೈಗೆ ಕೊಡುವಾಗ ನನಗೆ ಏಳನೇ ಕ್ಲಾಸಿನ ಹುಡುಗಿಯ ಹಾಗೆ ಅಳು ಬರುತ್ತಿತ್ತು. ಅತ್ತೆ ಬೇಡವೆಂದು ಹೇಳಲಿ ಎಂದು ಒಳಗೊಳಗೇ ಕಾದೆ ಕೂಡ. ಅವರು ನನ್ನ ಮುಖ ನೋಡಿದರು, ಕೆಳಗಿನ ಮನೆಗಳನ್ನು ನೋಡಿದರು, ಬಳೆಯಿಂದ ಪಿನ್ ತೆಗೆದು ಮತ್ತೆ ನೆರಿಗೆಗೆ ಹಾಕಿಕೊಂಡರು. ಒಮ್ಮೆಯೂ ಬೇಡ ಎನ್ನಲಿಲ್ಲ.

ಹೀಗೆ ನಾನು ಬ್ಯಾಗು ಕಾಯಲು ಕೂತೆ. ಒಟ್ಟು ಐದು ಬ್ಯಾಗು. ಎಲ್ಲರ ಪಾಸ್‌ಪೋರ್ಟ್ ಇದ್ದದ್ದು ಒಂದು, ರೊಟ್ಟಿಯದು ಒಂದು, ಇನ್ನು ಮೂರರಲ್ಲಿ ಏನಿತ್ತೋ ದೇವರೇ ಬಲ್ಲ. ಬೆಂಚಿತ್ತು, ಶೀಟಿನಲ್ಲಿ ಬರೆದಂತೆ ನೆರಳೂ ಇತ್ತು. ಆದರೆ ನೆರಳು ಒಂದೇ ಕಡೆ ಕೂರುವುದಿಲ್ಲ ಎಂಬುದನ್ನು ಶೀಟು ಹೇಳಿರಲಿಲ್ಲ. ಕಾಲು ಗಂಟೆಗೊಮ್ಮೆ ಐದು ಬ್ಯಾಗುಗಳನ್ನೂ ಎಳೆದುಕೊಂಡು ಒಂದು ಮೊಳ ಜರುಗಬೇಕಾಯಿತು. ಪುಸ್ತಕ ತೆರೆದೆ. ನಾಲ್ಕು ಸಾಲಿಗೊಮ್ಮೆ ತಲೆಯೆತ್ತಿ ಬ್ಯಾಗು ಎಣಿಸುವವಳಿಗೆ ಓದು ಎಲ್ಲಿ ಹತ್ತುತ್ತದೆ? ಒಂದು ಅಳಿಲು ರೊಟ್ಟಿಯ ಬ್ಯಾಗಿನ ಮೇಲೆ ಕಣ್ಣಿಟ್ಟು ಬಂತು. ಅದರೊಂದಿಗೆ ಸ್ವಲ್ಪ ಹೊತ್ತು ಕನ್ನಡದಲ್ಲಿ ಮಾತಾಡಿದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಮೆರಿಕನ್ ಮುದುಕರು ಮೂರು ಟೋಪಿ, ಎರಡು ಪರ್ಸು ಹಿಡಿದು ಕೂತಿದ್ದರು. ನನ್ನನ್ನು ನೋಡಿ, ಮೊದಲನೇ ಸಲವೇ ಎಂದು ಕೇಳಿದರು. ಈ ಊರಿಗೆ ಮೊದಲನೇ ಸಲವೇ ಎಂದೋ, ಬ್ಯಾಗು ಕಾಯುವುದು ಮೊದಲನೇ ಸಲವೇ ಎಂದೋ ಗೊತ್ತಾಗಲಿಲ್ಲ. ಎರಡಕ್ಕೂ ಹೌದು ಎಂದೆ.

ಕೆಳಗೆ ತಂಡ ಕಾಣುತ್ತಿತ್ತು. ಇರುವೆ ಸಾಲಿನಲ್ಲಿ ಒಂದು ಹಸಿರು ಚುಕ್ಕೆ. ಆ ಚುಕ್ಕೆ ಗೋಡೆಯ ಹತ್ತಿರ ನಿಂತಾಗ ನಿಂತೆ, ಬಗ್ಗಿದಾಗ ಎದೆ ಹಿಡಿದುಕೊಂಡೆ.

ಆ ಒಂದು ತಾಸಿನಲ್ಲಿ ಕೆಳಗೆ ಏನೇನಾಯಿತು ಎಂಬುದು ನನಗೆ ಈಗ ಬಾಯಿಪಾಠ. ಅತ್ತೆ ಅದನ್ನು ಕಾರಿನಲ್ಲಿ ಹೇಳಿದರು, ವಿಮಾನದಲ್ಲಿ ಹೇಳಿದರು, ಗುಳೇದಗುಡ್ಡಕ್ಕೆ ಫೋನಿನಲ್ಲಿ ಹೇಳಿದರು. ನಮ್ಮ ಬ್ಲಾಕಿನ ನೆಲಮಹಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಬೆಳಿಗ್ಗೆ ಜೊತೆಗೆ ಕೈಕಾಲು ಆಡಿಸುವ ರೋಸಿ ಆಂಟಿಗೆ ಇಂಗ್ಲಿಷಿನಲ್ಲೂ ಹೇಳಿದರು. ನಾವೆಲ್ಲ ಇರುವ ಇಲ್ಲಿಯ ಸರ್ಕಾರಿ ಫ್ಲ್ಯಾಟುಗಳಿಗೆ ಎಚ್‌ಡಿಬಿ ಎಂದು ಹೆಸರು. "ಸ್ಟೋನ್ ಎಚ್‌ಡಿಬಿ. ಓಲ್ಡ್, ವೆರಿ ಓಲ್ಡ್. ನೋ ಲಿಫ್ಟ್!" ಎಂದು ಕೈಯೆತ್ತಿ ಏಣಿ ಹತ್ತಿ ತೋರಿಸಿದಾಗ ರೋಸಿ ಆಂಟಿ ಬಾಯಿಗೆ ಕೈ ಇಟ್ಟುಕೊಂಡರಂತೆ.

ಅತ್ತೆ ಮೊದಲು ಕಂಡದ್ದು ದುಂಡನೆಯ ಒಂದು ನೆಲಕೋಣೆ, ಮಧ್ಯದಲ್ಲಿ ಬೆಂಕಿಯ ಗುಂಡಿ. ಅದರ ಅಂಚಿಗೆ ಬಂದಾಗ ಅತ್ತೆ ಬಗ್ಗಿ ಶೂ ಲೇಸು ಬಿಚ್ಚತೊಡಗಿದರಂತೆ. ರೇಂಜರಮ್ಮ ಓಡಿ ಬಂದು, ಏನಾಯಿತು, ಕಾಲು ನೋವೇ ಎಂದು ಕೇಳಿದ್ದಾರೆ. "ಒಲಿ ಇರೋ ಮನಿ. ಕೆರವು ಹಾಕ್ಕೊಂಡು ಹೆಂಗ ನಿಲ್ಲೂದು?" ಎಂದರಂತೆ ಅತ್ತೆ. ಇಂಚರ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ರೇಂಜರಮ್ಮ, ಕಲ್ಲು ಚೂಪಾಗಿದೆ, ಶೂ ಇರಲಿ, ನಿಮಗೆ ಹಾಗೆ ಅನ್ನಿಸಿದ್ದೇ ಸಾಕು ಎಂದರಂತೆ. ಈ ಮನೆಗಳನ್ನು ಕಟ್ಟಿದವರು ಎಲ್ಲಿಯೋ ಮಾಯವಾಗಲಿಲ್ಲ, ದಕ್ಷಿಣಕ್ಕೆ ಹೋದರು, ಅವರ ಮಕ್ಕಳುಮರಿ ಈಗಲೂ ಇದ್ದಾರೆ, ಇಲ್ಲಿಗೆ ಬಂದಾಗ ಹಿರಿಯರ ಮನೆಗೆ ಬಂದ ಹಾಗೆಯೇ ಬರುತ್ತಾರೆ ಎಂದೂ ಹೇಳಿದರಂತೆ.

ಅಲ್ಲಿಂದ ಮುಂದೆ ಅತ್ತೆಗೆ ತಡೆಯಿಲ್ಲ. ಕಾಳು ಅರೆಯುವ ಕಲ್ಲು ಕಂಡು, ಅದರ ಸವಕಳಿ ನೋಡಿ, ಈ ಹೆಂಗಸು ಮಂಡಿಯೂರಿ ಕೂತು ಅರೆದಿದ್ದಾಳೆ, ಬಲಗೈಯ ಜೋರು ಹೆಚ್ಚು ಎಂದು ತೀರ್ಪು ಕೊಟ್ಟರು. ಗೋಡೆಯ ಮಣ್ಣಿನ ಗಿಲಾವಿನಲ್ಲಿ ಉಳಿದಿದ್ದ ಬೆರಳ ಗುರುತುಗಳನ್ನು ಮುಟ್ಟಬಾರದೆಂದು ಕೈ ಹಿಂದೆ ಕಟ್ಟಿಕೊಂಡು, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಸಣ್ಣ ಕೈ, ಹೆಂಗಸಿನದೇ ಇರಬೇಕು ಎಂದರು. ಕೊನೆಯಲ್ಲಿ ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದು ರೇಂಜರಮ್ಮ ಕೇಳಿದಾಗ, ಉಳಿದವರು ಬರಗಾಲ, ಬೇಸಾಯ ಎಂದೆಲ್ಲ ಕೇಳುತ್ತಿರುವಾಗ, ನಮ್ಮ ಅತ್ತೆ ಕೈಯೆತ್ತಿ ಪಾಯಖಾನೆ ಎಲ್ಲಿತ್ತು ಎಂದು ಇಂಚರಳಿಂದ ಕೇಳಿಸಿದರು. ತಂಡವೆಲ್ಲ ನಕ್ಕಿತಂತೆ. ರೇಂಜರಮ್ಮ ಮಾತ್ರ, ಎಲ್ಲರಿಗೂ ತಿಳಿಯಬೇಕೆನಿಸುವುದು ಅದೇ, ಕೇಳುವ ಧೈರ್ಯವಿರುವವರು ಕಡಿಮೆ ಎಂದರಂತೆ.

ಆ ಹೊತ್ತಿಗೆ ಮೇಲೆ ಬೆಂಚಿನಲ್ಲಿ ಕೂತಿದ್ದ ನನಗೂ ಅದೇ ಪ್ರಶ್ನೆ ಹುಟ್ಟಿತ್ತು. ಎತ್ತರದ ಒಣ ಹವೆ, ನೀರು ಕುಡಿಯುತ್ತಲೇ ಇರಿ ಎಂದು ಎಲ್ಲ ಕಡೆ ಬೋರ್ಡು ಹಾಕಿದ್ದರು. ನಾನು ಬೋರ್ಡುಗಳಿಗೆ ವಿಧೇಯಳು. ಒಂದು ಬಾಟಲಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದೆ. ಟಾಯ್ಲೆಟ್ ಇದ್ದದ್ದು ಪಾರ್ಕಿಂಗಿನ ಆಚೆ ತುದಿಯಲ್ಲಿ. ಐದು ಬ್ಯಾಗು ಹೊತ್ತು ಹೋಗುವುದು ಹೇಗೆ? ಬಿಟ್ಟು ಹೋಗುವುದು ಹೇಗೆ, ಪಾಸ್‌ಪೋರ್ಟ್ ಇದೆಯಲ್ಲ? ಟೋಪಿಯ ಮುದುಕರಿಗೆ ಹೇಳೋಣವೆಂದರೆ ಅವರ ಮನೆಯವರು ಬಂದು ಅವರನ್ನು ಕರೆದುಕೊಂಡು ಹೋಗಿಯಾಗಿತ್ತು. ಕಾಲ ಮೇಲೆ ಕಾಲು ಹಾಕಿ, ಕಾಲು ಬದಲಿಸಿ, ಎದ್ದು ನಿಂತು, ಕೂತು, ಒದ್ದಾಡಿದೆ.

ಆಗ ಇದ್ದಕ್ಕಿದ್ದಂತೆ ನನಗೆ ಒಂದು ನೆನಪಾಯಿತು. ಅತ್ತೆ ಹೊರಗೆ ಹೋದಾಗ ನೀರು ಕುಡಿಯುವುದಿಲ್ಲ. ಎಷ್ಟು ಸಲ ಅದಕ್ಕೆ ಬೈದಿದ್ದೇನೆ! ಝೂನಿಂದ ಬಂದ ಸಂಜೆ ಅವರಿಗೆ ತಲೆಸುತ್ತು ಬಂದಾಗ, "ಬಾಟಲಿ ತುಂಬಿಸಿ ಕೊಟ್ಟಿದ್ದೆ, ಹಾಗೇ ವಾಪಸ್ ತಂದಿದ್ದೀರಲ್ಲ ಅತ್ತೆ, ಮಕ್ಕಳ ಥರ ಹೇಳ್ಬೇಕಾ ನಿಮಗೆ?" ಎಂದಿದ್ದೆ. ಡಾಕ್ಟರ ಮುಂದೆಯೂ ದೂರಿದ್ದೆ. ಅತ್ತೆ ಬಾಯಾರಿಕೆ ಆಗಲಿಲ್ಲ ಎಂದಿದ್ದರು. ಬ್ಯಾಗು ಬಿಟ್ಟು ಏಳಬಾರದೆಂದು ಅವರು ನೀರನ್ನೇ ಬಿಟ್ಟಿದ್ದರು. ಎಷ್ಟು ಬೆಂಚು, ಎಷ್ಟು ಕಟ್ಟೆ, ಎಷ್ಟು ಮಧ್ಯಾಹ್ನ. ನನಗೆ ಬಹಳ ನಾಚಿಕೆಯಾಯಿತು. ಇಷ್ಟೊಂದು ನಾಚಿಕೆ ಈ ವಯಸ್ಸಿನಲ್ಲಿ ಆಗುತ್ತದೆಂದು ನಾನು ಎಣಿಸಿರಲಿಲ್ಲ.

ಏಣಿಯ ತುದಿಯಲ್ಲಿ ಮೊದಲು ಅಗಲ ಟೋಪಿ ಕಂಡಿತು, ಅದರ ಹಿಂದೆಯೇ ಹಸಿರು ಸೀರೆ. ರೇಂಜರಮ್ಮ ಅತ್ತೆಯನ್ನು ತಮ್ಮ ಬೆನ್ನ ಹಿಂದೆಯೇ ಏಣಿ ಹತ್ತಿಸಿ ಕರೆತಂದಿದ್ದರು. ಬಸು, ಇಂಚರ ಸಾಲಿನಲ್ಲಿ ಇನ್ನೂ ಕೆಳಗಿದ್ದರು. ಅತ್ತೆಯ ಮುಖ ಕೆಂಪಾಗಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಸೆರಗಿಗೆಲ್ಲ ಧೂಳು. ಅಷ್ಟು ಖುಷಿಯಾಗಿದ್ದ ಅತ್ತೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹೇಗಿತ್ತು ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನೆಟ್ಟಗೆ ಬೆಂಚಿನ ಹತ್ತಿರ ಬಂದು ನನ್ನ ತೊಡೆಯ ಮೇಲಿನ ಬ್ಯಾಗಿಗೆ ಕೈ ಹಾಕಿದರು.

"ಮೊದಲ ಹೋಗಿ ಬಾ ನೀ. ಎಷ್ಟೊತ್ತಾತೋ ಏನೋ ತಡಕೊಂಡು ಕುಂತು. ಇವನ್ನ ನಾ ನೋಡ್ತೀನಿ, ಹೋಗವ್ವಾ."

ನಾನು ಏನೂ ಹೇಳಿರಲಿಲ್ಲ. ಅವರಿಗೆ ಹೇಳಬೇಕಾಗಿಯೂ ಇರಲಿಲ್ಲ. ಬ್ಯಾಗನ್ನು ಅವರ ಕೈಯಿಂದ ಬಿಡಿಸಿ ಬೆಂಚಿನ ಮೇಲಿಟ್ಟೆ.

"ನೀವೂ ಬನ್ನಿ ಅತ್ತೆ. ಇವು ಇಲ್ಲೇ ಇರಲಿ."

"ಪಾಸ್‌ಪೋರ್ಟ್ ಅದಾವಲ್ಲ!"

"ಇರಲಿ ಬನ್ನಿ."

ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅವರ ಕೈಗೆ ಕೊಟ್ಟೆ. ಅತ್ತೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ತಲೆಯೆತ್ತಿ, ಗಟಗಟನೆ, ಒಂದು ಹನಿ ಬಿಡದೆ ಕುಡಿದರು. ಐದೂ ಬ್ಯಾಗುಗಳನ್ನು ಬೆಂಚಿನ ಮೇಲೆ ಬಿಟ್ಟು ನಾವಿಬ್ಬರೂ ಪಾರ್ಕಿಂಗಿನ ಆಚೆ ತುದಿಗೆ ನಡೆದೆವು. ಅವರು ಎರಡು ಸಲ ಹಿಂತಿರುಗಿ ನೋಡಿದರು. ಮೂರನೆಯ ಸಲ ನೋಡಲಿಲ್ಲ.